ನನ್ನ ಬದಿಯ ಬ್ರೇಕಿಗೆ, ಕಾಲು ಮೇಲೆತ್ತಿ ಕೂತು ಬರೆದದ್ದು

ಇವರಿಗೆ,
ಶ್ರೀಯುತ ಎರಡನೇ ಬ್ರೇಕ್ ಅವರು,
ತರಬೇತಿ ಕಾರು, ಬೋಧಕರ ಸೀಟಿನ ಮುಂದೆ,
ರಬ್ಬರ್ ಮ್ಯಾಟಿನ ಪಕ್ಕ.

ವಿಷಯ: ತಾವು ಕಾರಿನಲ್ಲಿ ಮಾಡಬೇಕಾದ ಸೇವೆಯನ್ನು ನನ್ನ ಅಡುಗೆಮನೆಯ ಮೇಜಿನ ಕೆಳಗೂ ಮುಂದುವರಿಸಿರುವ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ, ಏಕೆಂದರೆ ಇಂದು ಬೆಳಗ್ಗೆ ತಾನೇ ತಮ್ಮ ಕ್ಷೇಮವನ್ನು ಅಂಗಾಲಿನಿಂದ ಒತ್ತಿ ನೋಡಿದ್ದೇನೆ, ಹೊಸ ತಂತಿ ಹಾಕಿಸಿಕೊಂಡು, ಕೀಲಿಗೆ ಎಣ್ಣೆ ಬಿಡಿಸಿಕೊಂಡು, ಮದುವೆ ಗಂಡಿನ ಹಾಗೆ ಹೊಳೆಯುತ್ತಾ ಕೂತಿರುವ ತಮ್ಮನ್ನು ಕಂಡು ನನಗೂ ಸಂತೋಷವಾಗಿದೆ, ಆ ಸಂತೋಷಕ್ಕೆ ಧಕ್ಕೆ ಬಾರದ ಹಾಗೆ, ತಮ್ಮ ಘನತೆಗೆ ಕುಂದಾಗದ ಹಾಗೆ, ತಮ್ಮಿಂದಾದ ಉಪಟಳವನ್ನು ತಮ್ಮ ಪಾದಕ್ಕೇ ಅರಿಕೆ ಮಾಡಿಕೊಳ್ಳೋಣವೆಂದರೆ ತಮಗೆ ಪಾದವಿಲ್ಲ, ಇರುವುದು ನನ್ನದೇ, ಆದ್ದರಿಂದ ಈ ಪತ್ರ.

ನಾನು ಯಾರೆಂದು ತಮಗೆ ಹೇಳಬೇಕಾಗಿಲ್ಲ. ಆದರೆ ಇದನ್ನು ನಮ್ಮ ಬೀದಿಯ ಗ್ರಂಥಾಲಯದ ಸೂಚನಾ ಫಲಕದಲ್ಲಿ, ‘ಹೊಸ ಕಥೆಗಾರರಿಗೆ ಆಹ್ವಾನ’ ಎಂಬ ಹಳೆಯ ಕಾಗದದ ಪಕ್ಕದಲ್ಲಿ ಅಂಟಿಸುವ ಉದ್ದೇಶವಿರುವುದರಿಂದ, ನಿಂತು ಓದುವವರ ಅನುಕೂಲಕ್ಕಾಗಿ ಹೇಳುತ್ತೇನೆ: ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಯುವವರ ಕಾಲಬುಡದಲ್ಲಿ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಲ್ಲವೂ ಇರುತ್ತವೆ; ಪಕ್ಕದಲ್ಲಿ ಕೂತ ನನ್ನ ಕಾಲಬುಡದಲ್ಲಿ ತಾವೊಬ್ಬರೇ. ಕಲಿಯುವವರು ಕಾಂಪೌಂಡ್ ಗೋಡೆಯನ್ನು ರಸ್ತೆಯ ಮುಂದುವರಿದ ಭಾಗವೆಂದು ಭಾವಿಸಿದಾಗ ನಾನು ತಮ್ಮನ್ನು ಒತ್ತುತ್ತೇನೆ, ಕಾರು ನಿಲ್ಲುತ್ತದೆ, ಅವರೂ ನಾನೂ ಗೋಡೆಯೂ ಬದುಕಿ ಉಳಿಯುತ್ತೇವೆ. ತಮ್ಮ ಈ ಉಪಕಾರವನ್ನು ನಾನು ಮರೆತವಳಲ್ಲ. ಹಾಲಿನ ಸೈಕಲ್ಲುಗಳು, ದೀಪದ ಕಂಬಗಳು, ಒಂದು ಬ್ಯಾಂಡ್ ಸೆಟ್ಟಿನ ಪೂರ್ತಿ ಮೇಳ, ಇವರೆಲ್ಲರ ಪರವಾಗಿ ತಮಗೆ ಶಾಲು ಹೊದಿಸಬೇಕೆಂದು ನನಗೆ ಆಗಾಗ ಅನ್ನಿಸಿದ್ದುಂಟು.

ಆದರೆ ಮಾನ್ಯರೇ, ತಾವು ಕಾರಿನಲ್ಲೇ ಇದ್ದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ತಾವು ನನ್ನ ಕಾಲಿಗೆ ಅಂಟಿಕೊಂಡು ಊರೆಲ್ಲ ತಿರುಗುತ್ತಿದ್ದೀರಿ. ಬಸ್ಸಿನಲ್ಲಿ ಕೂತರೆ ನನ್ನ ಕಾಲು ಮುಂದಿನ ಸೀಟಿನ ಕೆಳಗೆ ತಮ್ಮನ್ನು ತಡಕಾಡುತ್ತದೆ. ಹಲ್ಲಿನ ಡಾಕ್ಟರು ಯಂತ್ರ ಹಿಡಿದು ಹತ್ತಿರ ಬಂದರೆ ಗಾಳಿಯಲ್ಲೇ ತಮ್ಮನ್ನು ಒತ್ತುತ್ತದೆ. ಕನ್ನಡಕದ ಅಂಗಡಿ ಇಟ್ಟಿರುವ ನನ್ನ ಗಂಡ ಬಂದವರ ಮುಂದೆ ‘ನಾನು ಈ ವ್ಯಾಪಾರಕ್ಕೆ ಬಂದಿದ್ದು ಹೇಗೆ ಅಂದ್ರೆ’ ಎಂದು ಶುರುಮಾಡಿದ ಕೂಡಲೇ ನನ್ನ ಅಂಗಾಲು ನೆಲಕ್ಕೆ ಧಪ್ ಎಂದು ಬೀಳುತ್ತದೆ, ಅಲ್ಲಿ ಮಾತ್ರ ತಾವು ಕೆಲಸ ಮಾಡುವುದಿಲ್ಲ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ನಾನು ಕಥೆ ಬರೆಯಲು ಕೂತಾಗಲೂ ತಾವು ಹಾಜರಾದಿರಿ ನೋಡಿ, ನನ್ನ ದೂರು ಇರುವುದು ಅಲ್ಲಿ.

ಆ ಕಥೆ ನನ್ನೊಬ್ಬಳ ಚಟಕ್ಕಾಗಿ ಹುಟ್ಟಿದ್ದಲ್ಲ ಎಂಬುದು ತಮಗೆ ತಿಳಿದಿರಲಿ. ನಮ್ಮ ಅತ್ತೆಗೂ ಅವರ ತಂಗಿಗೂ ಮಾತು ನಿಂತು ಬಹಳ ವರ್ಷಗಳಾಗಿವೆ. ತಂಗಿ ಇರುವುದು ಊರಿನ ಆ ತುದಿಯಲ್ಲೇ, ಹೊಳೆಯಾಚೆಯೂ ಅಲ್ಲ, ಕಡಲಾಚೆಯೂ ಅಲ್ಲ. ಜಗಳ ಅವರ ತಾಯಿಯ ಇಸ್ತ್ರಿಪೆಟ್ಟಿಗೆ ಯಾರಿಗೆ ಸೇರಬೇಕು ಎಂಬ ಬಗ್ಗೆ. ಕೆಂಡ ತುಂಬಿ ಎಳೆಯುವ, ಎತ್ತಿದರೆ ತೋಳು ಕಳಚಿ ಬರುವಂಥ ಆ ಪೆಟ್ಟಿಗೆ ಈಗ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಅತ್ತೆ ಇದ್ದಕ್ಕಿದ್ದ ಹಾಗೆ ಹೇಳಿದರು: “ಹೋಗಿ ನೋಡ್ಕೊಂಡು ಬರೋಣ ಅನ್ಸುತ್ತೆ ಕಣೇ. ಆದ್ರೆ ಬಾಗಿಲು ತೆಗೆದ ತಕ್ಷಣ ಏನನ್ಬೇಕು ಅಂತಾನೇ ಹೊಳೆಯಲ್ಲ. ನೀನು ಹೇಗೂ ಕಥೆ ಬರೀತೀನಿ, ಕಥೆ ಬರೀತೀನಿ ಅಂತ ಓಡಾಡ್ತಿದ್ದೀಯಲ್ಲ, ಹೀಗೇ ಒಬ್ಬಳು ಹೋಗೋ ಹಾಗೆ ಬರಿ. ಅವಳು ಏನಂತಾಳೋ ಕೇಳ್ಕೊಂಡು ನಾನೂ ಹೊರಡ್ತೀನಿ.”

ಇಷ್ಟು ದೊಡ್ಡ ಜವಾಬ್ದಾರಿ ಯಾವ ಹೊಸ ಕಥೆಗಾರ್ತಿಗೆ ಸಿಕ್ಕೀತು! ನಾನು ಕುಣಿದಾಡಿದೆ. ಮರುದಿನವೇ ಎರಡು ಪಾಠಗಳ ನಡುವಿನ ಬಿಡುವಿನಲ್ಲಿ ಅಡುಗೆಮನೆಯ ಮೇಜಿಗೆ ಕೂತು ಬರೆದೆ: ‘ಆ ಹೆಂಗಸು ಚೀಲ ಹಿಡಿದುಕೊಂಡು ತಂಗಿಯ ಮನೆಯ ಚಿಲಕದ ಮೇಲೆ ಕೈಯಿಟ್ಟಳು.’ ಬರೆದು ಪೂರ್ಣವಿರಾಮ ಹಾಕಿದ್ದೇ ತಡ, ಮೇಜಿನ ಕೆಳಗೆ ನನ್ನ ಕಾಲು ಧಪ್ ಎಂದಿತು. ಕೈ ನಿಂತಿತು. ಚಿಲಕವೇಕೆ, ಕರೆಗಂಟೆ ಇರಬಾರದೇ ಎನ್ನಿಸಿತು. ಹೊಡೆದು ಹಾಕಿದೆ. ಕರೆಗಂಟೆ ಬರೆದೆ, ಧಪ್. ಕರೆಗಂಟೆಯಲ್ಲಿ ಭಾವವಿಲ್ಲ ಎನ್ನಿಸಿತು. ಮತ್ತೆ ಚಿಲಕಕ್ಕೇ ಬಂದೆ, ಈ ಸಲ ಸಂಜೆ ಸೇರಿಸಿದೆ. ಸಂಜೆ ಹಳಸಲು ಎನ್ನಿಸಿ ಮಳೆ ತರಿಸಿದೆ, ಮಳೆ ಅತಿಯಾಯಿತೆನ್ನಿಸಿ ನೆತ್ತಿ ಸುಡುವ ಬಿಸಿಲು ಹಾಕಿದೆ.

ಹೀಗೆ ತಮ್ಮ ದಯೆಯಿಂದ ಆ ಬಡಪಾಯಿ ಹೆಂಗಸು ತಿಂಗಳುಗಟ್ಟಲೆ ಬಾಗಿಲಲ್ಲೇ ನಿಂತಳು. ನೆನೆದಳು, ಒಣಗಿದಳು, ಮತ್ತೆ ನೆನೆದಳು. ಮೊದಲು ಹತ್ತಿ ಸೀರೆಯಲ್ಲಿದ್ದವಳು ಆಮೇಲೆ ರೇಷ್ಮೆಗೆ ಬಂದು, ಅದು ಹೆಚ್ಚಾಯಿತೆಂದು ಮತ್ತೆ ಹತ್ತಿಗೆ ಇಳಿದಳು. ಅವಳ ಕಾಲು ಬಾತುಕೊಂಡಿರಬೇಕೆಂದು ನಮ್ಮ ಮನೆಯವರಿಗೆಲ್ಲ ಚಿಂತೆ ಹತ್ತಿತು. ಅತ್ತೆಗೆ ಕಣ್ಣು ಮಂಜಾಗಿರುವುದರಿಂದ ನಾನೇ ಓದಿ ಹೇಳಬೇಕು, ಪ್ರತಿ ಸಂಜೆ ಮುಂದಿನ ಕೋಣೆಯಿಂದಲೇ “ಒಳಗೆ ಹೋದ್ಲಾ?” ಎಂದು ಕೇಳುವರು. “ಇನ್ನೂ ಇಲ್ಲ ಅತ್ತೆ” ಎಂದರೆ “ಪಾಪ, ಆ ಚೀಲನಾದ್ರೂ ಕೆಳಗಿಡ್ಸೇ, ಕೈ ನೋಯಲ್ವಾ?” ಎನ್ನುವರು. ನನ್ನ ಗಂಡ ಮಾತ್ರ ಅಂಗಡಿಯವರ ಸ್ವಭಾವಕ್ಕೆ ತಕ್ಕಂತೆ, ಅವಳಿಗೆ ಕನ್ನಡಕ ಹಾಕಿಸಿದರೆ ಮನೆ ಸರಿಯಾದದ್ದೇ ಎಂದು ಖಾತ್ರಿಯಾಗಿ ಬೇಗ ಒಳಗೆ ಹೋದಾಳು ಎಂದು ಸಲಹೆ ಕೊಟ್ಟರು.

ತಮ್ಮ ಧಪ್ ಸದ್ದು ಅತ್ತೆಗೆ ಎಷ್ಟು ರೂಢಿಯಾಯಿತೆಂದರೆ, ಕೇಳಿದ ಕೂಡಲೇ ಅವರು ಕೂತಲ್ಲಿಂದಲೇ “ಇನ್ನೊಂದು ಹೋಯ್ತು” ಎಂದು ನಿಟ್ಟುಸಿರು ಬಿಡುವರು. ಮೇಜಿನ ಕೆಳಗಿನ ಟೈಲ್ಸು ಅಲುಗಾಡತೊಡಗಿತು. ಅಲ್ಲಿ ಮಲಗುತ್ತಿದ್ದ ಬೆಕ್ಕು, ಬಾಲದ ಯೋಗಕ್ಷೇಮ ನೋಡಿಕೊಂಡು, ವಾಸ್ತವ್ಯವನ್ನು ಫ್ರಿಜ್ಜಿನ ಮೇಲಕ್ಕೆ ಬದಲಾಯಿಸಿತು.

ತಮ್ಮ ರಸಿಕತೆಯನ್ನು ನಾನು ಕಡೆಗಣಿಸಲಾರೆ. ತಾವು ಎಂಥ ವಿಮರ್ಶಕರು! ಬೇರೆಯವರು ಕಥೆ ಮುಗಿದ ಮೇಲೆ ಓದಿ ತಪ್ಪು ಹೇಳುತ್ತಾರೆ, ತಾವು ಹುಟ್ಟುವ ಮೊದಲೇ ಹೇಳುತ್ತೀರಿ. ತಮ್ಮ ಕೃಪೆಯಿಂದ ನನ್ನ ಕಥೆಯಲ್ಲಿ ಒಂದೇ ಒಂದು ಕೆಟ್ಟ ಸಂಭಾಷಣೆಯಿರಲಿಲ್ಲ, ಒಂದೇ ಒಂದು ಅಸಹಜ ಘಟನೆಯಿರಲಿಲ್ಲ, ಮುಕ್ತಾಯ ಸಪ್ಪೆಯೆಂದು ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಇದ್ದದ್ದು ಒಬ್ಬ ಹೆಂಗಸು, ಒಂದು ಬಾಗಿಲು. ಪ್ರಪಂಚದಲ್ಲಿ ಇಷ್ಟು ನಿರ್ದುಷ್ಟವಾದ ಕಥೆಯನ್ನು ಬೇರೆ ಯಾರೂ ಬರೆಯದೆ ಬಿಟ್ಟಿರಲಾರರು.

ಆದರೆ ಅದರಿಂದ ಆದ ಪರಿಣಾಮವನ್ನು ತಾವು ಗಮನಿಸಬೇಕು. ಅತ್ತೆ ಹೊರಡುವ ದಿನ ಗೊತ್ತುಮಾಡುವುದು, ಆ ಬೆಳಗ್ಗೆ “ಅವಳು ಹೋಗ್ದೆ ನಾನು ಹೇಗೆ ಹೋಗ್ಲಿ?” ಎಂದು ಚಪ್ಪಲಿ ಬಿಚ್ಚಿ ಕೂರುವುದು, ಇದೇ ನಡೆಯಿತು. ಆ ಕಡೆ ಅವರ ತಂಗಿ, ನನ್ನ ಗಂಡ ಮುಟ್ಟಿಸಿದ ಸುದ್ದಿ ನಂಬಿ, ಪ್ರತಿ ಸಲ ಮನೆ ಗುಡಿಸಿ, ದಿಂಬಿನ ಕವರು ಬದಲಾಯಿಸಿ, ಸಂಜೆಯವರೆಗೆ ಕಾದು, ಕೊನೆಗೆ ನನ್ನ ಗಂಡನ ಅಂಗಡಿಗೆ ಫೋನ್ ಮಾಡಿ, “ನಿಮ್ಮಮ್ಮ ಬರೋದಾದ್ರೆ ಬರ್ಲಿ, ಬಿಟ್ರೆ ಬಿಡ್ಲಿ, ನಾನೇನೂ ಕಾಯ್ತಾ ಕೂತಿಲ್ಲ” ಎಂದು ತಿಳಿಸುವರು. ಕಾಯುತ್ತಾ ಕೂತಿಲ್ಲವೆಂದು ಅವರು ಮತ್ತೆ ಮತ್ತೆ ಫೋನ್ ಮಾಡಿ ತಿಳಿಸುತ್ತಲೇ ಇದ್ದರು. ಇಬ್ಬರು ಮುದುಕಿಯರ ನಡುವೆ ಈಗ ಅಡ್ಡ ನಿಂತಿದ್ದು ಇಸ್ತ್ರಿಪೆಟ್ಟಿಗೆಯಲ್ಲ, ನನ್ನ ಅಂಗಾಲು. ಅಂದರೆ ತಾವು.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ, ತಮ್ಮಲ್ಲಿ ಅರ್ಧ ಭಾಗ ಗ್ಯಾರೇಜಿನಲ್ಲಿ ಆಸ್ಪತ್ರೆವಾಸದಲ್ಲಿದ್ದುದರಿಂದ ತಮಗೆ ಪೂರ್ತಿ ತಿಳಿದಿರಲಾರದು. ತಮ್ಮ ತಂತಿ ಸವೆದಿದೆಯೆಂದು ಮೆಕ್ಯಾನಿಕ್ ಅದನ್ನು ಬಿಚ್ಚಿಟ್ಟುಕೊಂಡು, ಪೆಡಲನ್ನು ಮಾತ್ರ ಇದ್ದಲ್ಲೇ ಬಿಟ್ಟು, ಕಾರು ತರಲು ಹೋಗಿದ್ದ ನನ್ನ ಗಂಡನಿಗೆ “ಸಂಜೆವರೆಗೂ ಪಾಠ ಬೇಡ ಅಂತ ಮೇಡಂಗೆ ಹೇಳ್ಬಿಡಿ ಸಾರ್” ಎಂದಿದ್ದರಂತೆ. ನನ್ನ ಗಂಡ ಆ ಮೆಕ್ಯಾನಿಕ್ಕಿಗೆ ತಾನು ಕನ್ನಡಕದ ವ್ಯಾಪಾರಕ್ಕೆ ಬಂದದ್ದು ಹೇಗೆಂದು ಹೇಳುವುದರಲ್ಲಿ ಮುಳುಗಿದ್ದರಿಂದ ಆ ಮಾತು ಅವರ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ನನಗೆ ಆ ಹೊತ್ತಿನ ಪಾಠ ಮೇಷ್ಟ್ರದ್ದು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮೇಲೆ, ಮಂಡಿನೋವಿನ ಹೆಂಡತಿಯನ್ನು ಗಾಳಿ ಸೇವನೆಗೆ ಕರೆದುಕೊಂಡು ಹೋಗಬೇಕೆಂದು ಕಾರು ಕಲಿಯಲು ಬಂದವರು. ಅವರ ತೊಂದರೆಯೇನೆಂದರೆ ಅವರು ರಸ್ತೆ ನೋಡುವುದೇ ಇಲ್ಲ, ನನ್ನ ಕಾಲು ನೋಡುತ್ತಾರೆ. ನನ್ನ ಕಾಲು ಮಿಸುಕಿದರೆ ತಪ್ಪು ಮಾಡಿದೆನೆಂದು ಅರ್ಥ ಮಾಡಿಕೊಂಡು ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತುತ್ತಾರೆ. ನಿಲ್ಲಿಸುವವರೊಬ್ಬರು ಪಕ್ಕದಲ್ಲಿದ್ದಾರೆಂದು ಗೊತ್ತಾದ ಮೇಲೆ ಅವರಿಗೆ ಸ್ವತಃ ನಿಲ್ಲಿಸಲೂ ಬರಲಿಲ್ಲ, ಮುಂದೆ ಹೋಗಲೂ ಬರಲಿಲ್ಲ.

ಆ ಬೆಳಗ್ಗೆ ಮುಚ್ಚಿದ ಕಾರ್ಖಾನೆಯ ಹಿಂದಿನ ಖಾಲಿ ರಸ್ತೆಯಲ್ಲಿ ಹೊರಟೆವು. ಆದಷ್ಟು ಮುಂದೆ ನೋಡಿ, ನನ್ನ ಕಾಲು ನೋಡಬೇಡಿ ಎಂದು ಮೇಷ್ಟ್ರಿಗೆ ಹೇಳಿ ಕಾಲಿನ ಮೇಲೆ ನನ್ನ ಚೀಲ ಇಟ್ಟುಕೊಂಡೆ. ಮೊದಲ ತಿರುವಿನಲ್ಲಿ ವಾಡಿಕೆಯಂತೆ ತಮ್ಮನ್ನು ಒತ್ತಿದೆ. ತಾವು ಬೆಣ್ಣೆಯ ಹಾಗೆ ಕೆಳಗೆ ಹೋದಿರಿ. ಕಾರು ಹೋಗುತ್ತಲೇ ಇತ್ತು. ಬ್ರೇಕಿಲ್ಲ ಎಂದು ಬಾಯಿ ಬಿಟ್ಟರೆ ಮೇಷ್ಟ್ರು ಕೈ ಮೇಲೆತ್ತುವುದು ಖಂಡಿತ, ಅವರ ಬದಿಯ ಬ್ರೇಕು ಸರಿಯಿರುವುದು ಅವರಿಗೆ ನೆನಪಾಗುವುದು ಖಂಡಿತ ಅಲ್ಲ. ಆದ್ದರಿಂದ ಹ್ಯಾಂಡ್‌ಬ್ರೇಕಿನ ಮೇಲೆ ಒಂದು ಕೈಯಿಟ್ಟುಕೊಂಡು, ಜೀವವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಫೋಟೋಕ್ಕೆ ನಿಂತವರ ಹಾಗೆ ಹಲ್ಲು ಕಿರಿದು, “ಹಾಗೇ ನಿಧಾನಕ್ಕೆ ಹೋಗಿ ಮೇಷ್ಟ್ರೇ” ಎಂದೆ.

ಮೇಷ್ಟ್ರು ಹೋದರು. ಗೇರು ಬದಲಾಯಿಸುವಾಗ ಡಬ್ಬದಲ್ಲಿ ಕಲ್ಲು ಕುಲುಕಿದಂಥ ಸದ್ದು ಬಂತು, ಆದರೂ ಹೋದರು. ತಳ್ಳುಗಾಡಿಯೊಂದು ಎದುರು ಬಂದಾಗ ಅವರೇ ಬ್ರೇಕು ಹಾಕಿದರು, ಇಂಜಿನ್ ಆಫ್ ಆಯಿತು, ಅವರೇ ಮತ್ತೆ ಶುರುಮಾಡಿದರು. ಬಲಕ್ಕೆ ತಿರುಗುವಾಗ ಎಡದ ದೀಪ ಹಾಕಿದರು. ಗಾಬರಿಯಲ್ಲಿ ವೈಪರ್ ಆನ್ ಮಾಡಿ, ಒಣ ಗಾಜಿನ ಮೇಲೆ ಅದು ಕಿರ್ರೋ ಎನ್ನುತ್ತಿರುವಾಗಲೇ ಪೂರ್ತಿ ಸುತ್ತು ಹಾಕಿ, ಹೊರಟ ಗೇಟಿನ ಮುಂದೆಯೇ ತಂದು, ಗೋಡೆಗೆ ಸೊಟ್ಟಗೆ, ಆದರೆ ಗೋಡೆಗೆ ತಾಗದಂತೆ ನಿಲ್ಲಿಸಿದರು. ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಇವತ್ತು ನೀವು ಒಂದು ಸಲಾನೂ ಬ್ರೇಕ್ ಹಾಕ್ಲಿಲ್ಲ ಮೇಡಂ. ಅಷ್ಟು ಚೆನ್ನಾಗಿ ಓಡಿಸಿದ್ನಾ?”

ಮಾನ್ಯರೇ, ನಾನು ದಾರಿಯುದ್ದಕ್ಕೂ ಹಾಕಿದ್ದೆ. ಒತ್ತಿ ಒತ್ತಿ ನನ್ನ ಮೀನಖಂಡ ಸೆಟೆದುಕೊಂಡಿತ್ತು. ಅವರು ಚೆನ್ನಾಗಿಯೂ ಓಡಿಸಿರಲಿಲ್ಲ, ಅಷ್ಟು ಕೆಟ್ಟ ಸವಾರಿಯನ್ನು ನಾನು ಈ ಕೆಲಸದಲ್ಲೇ ಕಂಡಿಲ್ಲ. ಆದರೆ ಅವರು ತಲುಪಿದ್ದರು. ಇಷ್ಟು ದಿನ ತಾವೂ ನಾನೂ ಸೇರಿ ಅವರನ್ನು ತಪ್ಪಿಲ್ಲದಂತೆ ಅರ್ಧ ದಾರಿಯಲ್ಲಿ ನಿಲ್ಲಿಸುತ್ತಿದ್ದೆವು, ಇವತ್ತು ತಪ್ಪುಗಳ ಸಮೇತ ಮನೆ ಮುಟ್ಟಿದ್ದರು. ನನಗೆ ನಗು ಬಂತು, ನಕ್ಕೆ, ಅವರೂ ನಕ್ಕರು, ವೈಪರ್ ಇನ್ನೂ ಕಿರ್ರೋ ಎನ್ನುತ್ತಿತ್ತು.

ಕಾರನ್ನು ನಾನೇ ನಿಧಾನಕ್ಕೆ ಗ್ಯಾರೇಜಿಗೆ ಬಿಟ್ಟು, ಮನೆಗೆ ಬಂದವಳೇ ಕುರ್ಚಿಯ ಮೇಲೆ ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತೆ. ಇದು ನಾನು ಕಂಡುಕೊಂಡ ಉಪಾಯ, ಫಲಕದ ಮುಂದೆ ನಿಂತು ಓದುತ್ತಿರುವವರು ದಯವಿಟ್ಟು ಗಮನಿಸಬೇಕು: ನೆಲವೇ ಸಿಗದಿದ್ದರೆ ಕಾಲು ಎಲ್ಲಿಗೆ ಒತ್ತೀತು? ‘ಆ ಹೆಂಗಸು ಚಿಲಕದ ಮೇಲೆ ಕೈಯಿಟ್ಟಳು’ ಎಂದು ಬರೆದೆ. ತೊಡೆಯ ಕೆಳಗೆ ಸಿಕ್ಕಿಹಾಕಿಕೊಂಡ ಪಾದ ಒದ್ದಾಡಿತು. ಒದ್ದಾಡಲಿ ಎಂದು ಬಿಟ್ಟು, ಬಾಗಿಲು ತೆಗೆಸಿದೆ.

ಒಳಗಿನ ಪರದೆ ಯಾವ ಬಣ್ಣದ್ದೆಂದು ಗೊತ್ತಾಗಲಿಲ್ಲ. ‘ಪರದೆ, ಬಣ್ಣ ಆಮೇಲೆ’ ಎಂದು ಬರೆದು ಮುಂದಕ್ಕೆ ಹೋದೆ. ತಂಗಿಗೆ ಹೆಸರು ಹೊಳೆಯಲಿಲ್ಲ, ‘ತಂಗಿ’ ಎಂದೇ ಕರೆದೆ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲ ಪುಟದ ನಾಯಿ ಅದು ಹೇಗೋ ಆಮೇಲೆ ಬೆಕ್ಕಾಯಿತು. ಒಂದು ಕಡೆ ಜಡಿಮಳೆ, ಅದೇ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆಗಳು ಗರಿಗರಿಯಾಗಿ ಒಣಗಿದ್ದವು. ಹಿಂದೆ ತಿರುಗಿ ಓದಿ ಸರಿಮಾಡಲು ಕೈ ತುರಿಸಿತು. ಕನ್ನಡಿಯಲ್ಲಿ ಹಿಂದೆ ಒಂದು ನೋಟ ಹಾಯಿಸಬೇಕೇ ಹೊರತು ಕನ್ನಡಿ ನೋಡಿಕೊಂಡೇ ಕಾರು ಓಡಿಸಬಾರದೆಂದು ನಾನು ಊರಿಗೆಲ್ಲ ಹೇಳುವವಳು, ಹಲ್ಲು ಕಚ್ಚಿಕೊಂಡು ಮುಂದೆ ನೋಡಿದೆ. ಎಲ್ಲೋ ಒಂದು ಕಡೆ ಪೂರ್ತಿ ನಿಂತೇಹೋದೆ, ಏನೂ ತೋಚಲಿಲ್ಲ. ಇಂಜಿನ್ ಆಫ್ ಆಗುವುದು ಅಪರಾಧವಲ್ಲ, ಬೀಗದಕೈ ತಿರುಗಿಸಿದರೆ ಮತ್ತೆ ಶುರುವಾಗುತ್ತದೆ ಎಂದುಕೊಂಡು ‘ಇಲ್ಲಿ ಇಬ್ಬರೂ ಏನೋ ಜಗಳವಾಡುತ್ತಾರೆ’ ಎಂದು ಗೀಚಿ ಹಾರಿದೆ.

ಮಧ್ಯಾಹ್ನ ಸ್ಕೂಲಿನಲ್ಲಿ ಕಾರಿಲ್ಲದೆ ಹೇಳಿಕೊಡುವ ರಸ್ತೆ ಚಿಹ್ನೆಗಳ ಪಾಠಕ್ಕೆ ಹೊತ್ತಾದಾಗ ವಾಕ್ಯದ ನಡುವಿನಲ್ಲೇ ಎದ್ದೆ, ಬೇಕೆಂದೇ. ಬ್ಯಾಟರಿ ಸೋತ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತಾರೆ, ಮತ್ತೆ ಹೊರಡುವಾಗ ಯಾರೂ ತಳ್ಳಬೇಕಾಗದಂತೆ. ಮುಂದೇನು ಬರುತ್ತದೆಂದು ಗೊತ್ತಿರುವಾಗಲೇ ಎದ್ದರೆ ಕಥೆಯೂ ಹಾಗೆಯೇ ಉರುಳುತ್ತದೆ. ಬಂದು ಕೂತೆ, ಉರುಳಿತು. ಸಂಜೆಯ ಹೊತ್ತಿಗೆ ಕಥೆ ಮುಗಿದಿತ್ತು. ಕಾಲು ಜೋಮು ಹಿಡಿದು ಎದ್ದು ನಿಲ್ಲಲಾಗದೆ ಬೆಕ್ಕಿನ ಮುಂದೆ ಮುಗ್ಗರಿಸಿದೆ, ಆದರೂ ಮುಗಿದಿತ್ತು. ನನ್ನ ಬದುಕಿನಲ್ಲಿ ಮೊದಲ ಸಲ ನಾನು ಬರೆದದ್ದಕ್ಕೆ ಒಂದು ಕೊನೆಯಿತ್ತು, ಎಷ್ಟು ಸುಖವಾಯಿತೆಂದು ತಮ್ಮಂಥವರಿಗೆ ಹೇಳಿ ಪ್ರಯೋಜನವಿಲ್ಲ.

ಅತ್ತೆಯನ್ನು ಕೂರಿಸಿ ಓದಿದೆ. ಬಾಗಿಲು ತೆರೆಯಿತು ಎಂಬಲ್ಲಿ ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಮುಂದೆ ಬರುವುದೇ ಆ ಮಾತು, ಅವರು ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಮಾತು. ನನಗೆ ನಾಚಿಕೆಯಾಯಿತು, ಏಕೆಂದರೆ ಬರೆಯುವ ರಭಸದಲ್ಲಿ ಪೆನ್ನಿಗೆ ಹೊಳೆದದ್ದು ಇಷ್ಟೇ. ಓದಿಬಿಟ್ಟೆ: ‘ಕುಡಿಯೋಕೆ ನೀರು ಕೊಡ್ತೀಯಾ?’

“ನೀರಾ?” ಎಂದರು ಅತ್ತೆ.

“ಕರಡು ಅತ್ತೆ, ಆಮೇಲೆ ಸರಿಮಾಡ್ತೀನಿ” ಎಂದು ತೊದಲಿದೆ.

ಅತ್ತೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ನಗು ನಿಂತಿತೆನ್ನುವಾಗ ಮತ್ತೆ ‘ನೀರು’ ಎಂದುಕೊಂಡು ನಕ್ಕರು. “ಮಳೇಲಿ ನೆಂದೂ ನೆಂದೂ ಕೊನೆಗೆ ನೀರು ಕೇಳ್ತಾಳಲ್ಲೇ! ನಾನೆಲ್ಲೋ ಭಾರೀ ಮಾತೊಂದು ಬೇಕು ಅಂದ್ಕೊಂಡಿದ್ದೆ. ಇಷ್ಟು ಪೆದ್ದು ಮಾತು ಆದ್ರೆ ನಾನೂ ಆಡ್ತೀನಿ ಕಣೇ. ನಾಳೆ ಹೊರಡೋಣ.” ಆಮೇಲೆ ಕೆಳಗಿಟ್ಟ ಬಟ್ಟೆ ಮತ್ತೆ ಎತ್ತಿಕೊಂಡು, “ಮುಂದೇನಾಯ್ತು? ಓದು” ಎಂದರು. ಕೆಟ್ಟ ಕಥೆಗೆ ಇದಕ್ಕಿಂತ ದೊಡ್ಡ ಬಹುಮಾನವನ್ನು ಯಾವ ಸಂಸ್ಥೆಯೂ ಇನ್ನೂ ಸ್ಥಾಪಿಸಿಲ್ಲ.

ಮರುದಿನದ್ದು ತಮಗೆ ಗೊತ್ತೇ ಇದೆ, ತಾವು ಅಲ್ಲೇ ಇದ್ದಿರಿ. ಹೊಸ ತಂತಿ ಹಾಕಿಸಿಕೊಂಡ ತಮ್ಮ ಮುಂದೆ, ನನ್ನ ಸೀಟಿನಲ್ಲಿ ಅತ್ತೆ ಕೂತರು. ನಾನು ಸ್ಟೀರಿಂಗಿಗೆ ಕೂತೆ. ಊರೆಲ್ಲ ದಾಟುವವರೆಗೆ ಅವರು ಕಿಟಕಿಯಿಂದಾಚೆ ನೋಡುತ್ತಾ ಹಾಡು ಗುನುಗುತ್ತಿದ್ದರು. ತಂಗಿಯ ಮನೆಯ ಗಲ್ಲಿಗೆ ತಿರುಗಿದೆ ಅಷ್ಟೇ, ಕಾರು ಗಕ್ಕನೆ ನಿಂತಿತು. ನಾನು ನಿಲ್ಲಿಸಿರಲಿಲ್ಲ. ನೋಡಿದರೆ ಅತ್ತೆಯ ಚಪ್ಪಲಿ ತಮ್ಮ ಮೇಲಿತ್ತು, ಬೆರಳುಗಳು ಬಿಳುಚಿದ್ದವು.

“ಇದೇನಾ ನಿನ್ನ ಬ್ರೇಕು?” ಎಂದರು ಮೆಲ್ಲಗೆ. “ಒಳ್ಳೇದಿದೆ. ಇಲ್ಲೇ ಸ್ವಲ್ಪ ಹೊತ್ತು ಇರೋಣ.” ಹಿಂದಿನಿಂದ ಒಂದು ಆಟೋ ಹಾರ್ನ್ ಮಾಡಿತು. ನಾನು ಹೇಳಿದೆ: “ಕಾಲು ಮೇಲೆ ಮಡಚಿ ಕೂತ್ಕೊಳ್ಳಿ ಅತ್ತೆ. ಕೆಟ್ಟದಾಗೇ ಹೋಗೋಣ.” ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು, ಎರಡೂ ಕಾಲು ಸೀಟಿನ ಮೇಲೆತ್ತಿ ಕೂತರು. ಕಾರು ಚಲಿಸಿತು.

ನಾನು ಕಾರಿನಲ್ಲೇ ಕೂತು ನೋಡಿದೆ. ಅತ್ತೆ ಬರಿಗಾಲಲ್ಲೇ ಹೋಗಿ, ಚೀಲ ಹಿಡಿದುಕೊಂಡು, ಚಿಲಕದ ಮೇಲೆ ಕೈಯಿಟ್ಟರು. ಚಿಲಕ ಕಿರ್ರೆಂದಿತು. ಒಳಗೆ ಅಷ್ಟು ಹೊತ್ತೂ ಬಾಗಿಲಿಗೆ ಒರಗಿಯೇ ನಿಂತಿದ್ದರೇನೋ ಎಂಬಂತೆ ತಂಗಿ ತಟ್ಟನೆ ತೆರೆದರು. ಇಬ್ಬರೂ ನೋಡಿದರು. ನನ್ನ ಕಾಲಿನ ಕೆಳಗೆ ನಿಜವಾದ ಬ್ರೇಕೇ ಇತ್ತು, ಆದರೂ ಒತ್ತಲು ನೆನಪಾಗಲಿಲ್ಲ. “ಈ ಚಿಲಕಕ್ಕೆ ಒಂದು ತೊಟ್ಟು ಎಣ್ಣೆ ಬಿಡಬಾರದೇನೇ?” ಎಂದರು ನಮ್ಮ ಅತ್ತೆ, ಅಷ್ಟು ವರ್ಷಗಳ ಮೇಲೆ. “ನೀನು ಬಂದು ಹೇಳ್ಲಿ ಅಂತಾನೇ ಬಿಟ್ಟಿದ್ದೆ” ಎಂದರು ತಂಗಿ. “ಬಾ ಒಳಗೆ. ಕುಡಿಯೋಕೆ ನೀರು ಕೊಡ್ಲಾ?”

ಅತ್ತೆ ಗರಕ್ಕನೆ ಕಾರಿನ ಕಡೆ ತಿರುಗಿ, ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದರು: “ಲೇ, ಇವಳೇ ಕೇಳ್ಬಿಟ್ಲು ಕಣೇ! ನೀರು!”

ಮಾನ್ಯರೇ, ಇಷ್ಟಾದ ಮೇಲೂ ತಮ್ಮನ್ನು ಕೆಲಸದಿಂದ ತೆಗೆಯಬೇಕೆಂಬ ಆಸೆ ನನಗಿಲ್ಲ. ಸಣ್ಣಪುಟ್ಟ ಕೋರಿಕೆಗಳಿವೆ, ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ಕಥೆ ಶುರುವಾಗಿ ಮುಗಿಯುವವರೆಗೆ ತಾವು ಕಾರಿನಿಂದ ಇಳಿಯಬಾರದು, ಇಳಿಯಲೇಬೇಕೆನ್ನಿಸಿದರೆ ನನ್ನ ಗಂಡನ ಅಂಗಡಿಗೆ ಹೋಗಿ ‘ನಾನು ಈ ವ್ಯಾಪಾರಕ್ಕೆ ಬಂದಿದ್ದು’ ಎಂಬಲ್ಲಿಗೆ ಸರಿಯಾಗಿ ಒಂದು ಸಲ ಗಟ್ಟಿಯಾಗಿ ಒತ್ತಿಕೊಳ್ಳಬೇಕು. ಪಕ್ಕದ ಮನೆಯ ಧ್ವನಿವರ್ಧಕಕ್ಕೂ, ನಮ್ಮ ಬೀದಿಗೆ ಮಾತ್ರ ಓಡಿ ಬರುವ ಸೊಳ್ಳೆಗಳಿಗೂ, ಸಾಧ್ಯವಾದರೆ ನನ್ನ ವಯಸ್ಸಿಗೂ ತಮ್ಮ ಸೇವೆ ವಿಸ್ತರಿಸಬೇಕು. ಕರಡು ಮುಗಿದು, ಅದನ್ನು ತಿದ್ದುವ ಕಾಲ ಬಂದಾಗ ತಮಗೆ ನಾನೇ ಕುರ್ಚಿ ಹಾಕಿ ಕರೆಯುತ್ತೇನೆ. ಆಗ ಬನ್ನಿ, ಮಳೆ ಬಿಸಿಲು ಎರಡರಲ್ಲಿ ಒಂದನ್ನು ಆರಿಸಿ, ನಾಯಿಯೋ ಬೆಕ್ಕೋ ತೀರ್ಮಾನಿಸಿ, ಪರದೆಗೆ ಬಣ್ಣ ಹಚ್ಚಿ, ಬೇಕಾದಷ್ಟು ಸಲ ಧಪ್ ಎನ್ನಿ. ಟೈಲ್ಸನ್ನು ಸಿಮೆಂಟು ಹಾಕಿಸಿ ಗಟ್ಟಿ ಮಾಡಿಸಿದ್ದೇನೆ.

ಫಲಕದ ಮುಂದೆ ನಿಂತವರೇ, ನಿಮ್ಮ ಕಥೆಯ ಬಾಗಿಲಲ್ಲೂ ಯಾರೋ ನಿಂತಿದ್ದಾರೆಂದು ನನಗೆ ಗೊತ್ತು. ಇಲ್ಲದಿದ್ದರೆ ಆ ಹಳೆಯ ಆಹ್ವಾನವನ್ನು ಓದುವ ನೆಪದಲ್ಲಿ ಇಷ್ಟು ಹೊತ್ತು ಇಲ್ಲಿ ಇರುತ್ತಿರಲಿಲ್ಲ. ಮೊದಲ ವಾಕ್ಯವನ್ನು ಉಜ್ಜುವುದು ಬಿಡಿ, ಅದು ಹೇಗೂ ಕೊನೆಗೆ ಬದಲಾಗುತ್ತದೆ. ಮುಂದೇನಾಯಿತೆಂದು ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ, ಚೆನ್ನಾಗಿದೆ ಎನ್ನುವವರು ಆಮೇಲೆ ಸಿಗುತ್ತಾರೆ. ಮನೆಗೆ ಹೋಗಿ, ಕುರ್ಚಿಯ ಮೇಲೆ ಕಾಲು ಎತ್ತಿ ಕೂತು, ಆ ನಿಂತವರಿಗೆ ಬಾಗಿಲು ತೆಗೆಯಿರಿ. ಒಳಗೆ ಯಾರೋ ಕಾಯುತ್ತಾ ಕೂತಿಲ್ಲವೆಂದು ಫೋನ್ ಮಾಡುತ್ತಲೇ ಇದ್ದಾರೆ.

ತಮ್ಮ ಮೇಲೆ ಒಂದು ಕಾಲನ್ನು ಸದಾ ಇಟ್ಟಿರುವ, ಇಂದು ಮಾತ್ರ ಎರಡನ್ನೂ ಎತ್ತಿಕೊಂಡಿರುವ,
ತಮ್ಮ ವಿಶ್ವಾಸಿ,
ಕಾರಿನ ಮೇಡಂ

ತಾ.ಕ.: ಅತ್ತೆ ಇನ್ನೂ ಅಲ್ಲಿಂದ ಬಂದಿಲ್ಲ. ಇಸ್ತ್ರಿಪೆಟ್ಟಿಗೆಯ ವಿಷಯಕ್ಕೆ ಜಗಳ ಮತ್ತೆ ಶುರುವಾಗಿದೆಯಂತೆ, ತುಂಬಾ ಚೆನ್ನಾಗಿ ನಡೆಯುತ್ತಿದೆಯಂತೆ, ಬಟ್ಟೆ ಬೇಕೆಂದು ಹೇಳಿ ಕಳಿಸಿದ್ದಾರೆ. ಮತ್ತೊಂದು ವಿಷಯ: ಈ ಪತ್ರದ ಮೊದಲ ವಾಕ್ಯ ಬರೆಯುವಾಗ ತಾವು ನನ್ನ ತೊಡೆಯ ಕೆಳಗೆ ಬಹಳ ಒದ್ದಾಡಿದಿರಿ. ತಮ್ಮ ಆಕ್ಷೇಪಣೆ ನ್ಯಾಯವಾದದ್ದೇ, ಅದು ವಿಪರೀತ ಉದ್ದವಾಗಿದೆ, ಎಲ್ಲೆಲ್ಲಿಗೋ ಹೋಗುತ್ತದೆ. ಹಾಗೇ ಅಂಟಿಸಿದ್ದೇನೆ.